ಯಾರ ದನೀಲಿ ಹಾಡ್ಲಿ?

ನಮ್ಮ ಕಡೆ ಗಣಪತಿ ಬಿಡೋ ದಿನ ಈಗ ಡಿಜೆ. ನಾನು ಹೈಸ್ಕೂಲಲ್ಲಿದ್ದಾಗ ಹಂಗಿರಲಿಲ್ಲ, ಆರ್ಕೆಸ್ಟ್ರಾ ಇರ್ತಿತ್ತು. ಹುಳಿಯಾರು ಸುತ್ತಮುತ್ತಲ ಯಾವ ಊರಲ್ಲಿ ಆರ್ಕೆಸ್ಟ್ರಾ ಅಂದ್ರೂ ಅಲ್ಲಿ ನಮ್ಮ ದೊಡ್ಡಪ್ಪನ ಮಗ ಹಾಜರು. ಬ್ಯಾನರಿನಲ್ಲಿ ಅವನ ಹೆಸರಿನ ಕೆಳಗೆ ‘ಜೂನಿಯರ್ ರಾಜ್’ ಅಂತ ಬರೆಸಿರುತ್ತಿದ್ದರು. ನಿಜ ಹೇಳಬೇಕಂದ್ರೆ ಅದು ಕಮ್ಮಿಯೇ ಆಯಿತು. ಅವನ ಗಂಟಲಲ್ಲಿ ರಾಜ್‌ಕುಮಾರ್ ಒಬ್ಬರೇ ಇರಲಿಲ್ಲ. ಪಿ.ಬಿ. ಶ್ರೀನಿವಾಸ್ ಇದ್ದರು, ಎಸ್ಪಿಬಿ ಇದ್ದರು, ಸಿ. ಅಶ್ವಥ್ ಇದ್ದರು. ಒಂದೇ ಹಾಡಿನ ಮೊದಲ ಚರಣ ಪಿಬಿಎಸ್ ದನಿಯಲ್ಲಿ, ಎರಡನೇದು ರಾಜ್ ದನಿಯಲ್ಲಿ, ಕೊನೇದು ಅಶ್ವಥ್ ದನಿಯಲ್ಲಿ ಹಾಡಿದರೆ ಜನ ಶಿಳ್ಳೆ ಹೊಡೆದು, ಹತ್ತು ರೂಪಾಯಿ ನೋಟನ್ನ ಅವನ ಅಂಗಿಗೆ ಪಿನ್ನು ಚುಚ್ಚಿ ಇಳಿಯುತ್ತಿದ್ದರು.

ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ ವರ್ಷ ಒಂದು ರಾತ್ರಿ ತೋಟದ ಪಂಪ್‌ಹೌಸಿನ ಮುಂದೆ ಇಬ್ಬರೂ ತ್ರೀಫೇಸ್ ಕರೆಂಟಿಗೆ ಕಾಯುತ್ತಾ ಕೂತಿದ್ವಿ. ಸುಮ್ಮನೆ ಕೂತು ಬೇಜಾರಾಗಿ, “ಅಣ್ಣ, ಒಂದು ಹಾಡು ಹೇಳು” ಅಂದೆ.

“ಯಾರ ದನೀಲಿ ಹಾಡ್ಲಿ?”

“ನಿಂದೇ ದನೀಲಿ ಹಾಡಪ್ಪ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಎರಡನೇ ಸಾಲಿಗೆ ರಾಜ್ ಬಂದುಬಿಟ್ಟರು. ನಿಲ್ಲಿಸಿದ. ಮತ್ತೆ ಶುರು ಮಾಡಿದ, ಈ ಸಲ ಎಸ್ಪಿಬಿ ನಗು ಇಣುಕಿತು. “ಬರಲ್ಲ ಕಣ್ಲಾ” ಅಂತ ಬೀಡಿ ಹಚ್ಚಿದ. ನಾನು ನಕ್ಕೆ. ಅವನು ನಗಲಿಲ್ಲ.

ಅವತ್ತಿಂದ ಈ ಪ್ರಶ್ನೆ ನನ್ನ ಜೊತೆಗಿದೆ. ಹಾಡುಗಾರನಿಗೆ ‘ತನ್ನ ದನಿ’ ಅನ್ನೋದು ಎಲ್ಲಿಂದ ಬರುತ್ತೆ? ನಮ್ಮಣ್ಣನಿಗೆ ಶ್ರುತಿ ಇತ್ತು, ತಾಳ ಇತ್ತು, ಅವನು ಅನುಕರಿಸುತ್ತಿದ್ದ ನಾಲ್ವರಲ್ಲಿ ಯಾರಿಗೂ ಇಲ್ಲದಷ್ಟು ಬಗೆಯ ಗಂಟಲಿತ್ತು. ಆದರೂ ಅವರಿಗೆ ಸಿಕ್ಕಿದ್ದು ಇವನಿಗೆ ಸಿಗಲಿಲ್ಲ. ಅದು ಹುಟ್ಟಿನಿಂದ ಬರುವ ವರ ಅಂತ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಆ ನಾಲ್ವರ ಹಾಡುಗಳನ್ನ ಸರಿಯಾಗಿ ಕೇಳಿದರೆ ಆ ಮಾತು ನಿಲ್ಲೋದಿಲ್ಲ.

ಅನುಕರಣೆಯೇ ತಪ್ಪು ಅಂತಲೂ ಹೇಳೋ ಹಾಗಿಲ್ಲ. ಮುಕೇಶ್ 1945ರಲ್ಲಿ ‘ಪೆಹಲೀ ನಜರ್’ ಚಿತ್ರಕ್ಕೆ ಹಾಡಿದಾಗ ಅದು ಸೈಗಲ್ ದನಿಯ ಅಚ್ಚು ನಕಲು. ಕಿಶೋರ್ ಕುಮಾರ್ ಶುರುವಾಗಿದ್ದೂ ಸೈಗಲ್ ನೆರಳಲ್ಲೇ. ಅಮೆರಿಕದ ರೇ ಚಾರ್ಲ್ಸ್ ಮೊದಮೊದಲು ನ್ಯಾಟ್ ಕಿಂಗ್ ಕೋಲ್ ಥರ ಹಾಡಿಯೇ ಹೊಟ್ಟೆ ಹೊರೆದಿದ್ದು. ಫ್ರಾಂಕ್ ಸಿನಾಟ್ರ ಅಂತೂ ಹಾಡುಗಾರನನ್ನೂ ಬಿಟ್ಟು, ತಾನಿದ್ದ ಬ್ಯಾಂಡಿನ ಯಜಮಾನ ಟಾಮಿ ಡಾರ್ಸಿ ಟ್ರಾಂಬೋನ್ ಊದುವಾಗ ಉಸಿರನ್ನ ಎಲ್ಲಿ ಕದ್ದು ಎಳೆದುಕೊಳ್ಳುತ್ತಾನೆ ಅಂತ ನೋಡಿ ಕಲಿತ. ಎಲ್ಲರೂ ಯಾರದೋ ಮನೆ ಬಾಗಿಲಲ್ಲಿ ನಿಂತು ಕಲಿತವರೇ. ಕೆಲವರು ಅಲ್ಲಿಂದ ಹೊರಟರು, ನಮ್ಮಣ್ಣನಂಥವರು ಅಲ್ಲೇ ಉಳಿದರು. ಈ ವ್ಯತ್ಯಾಸಕ್ಕೆ ಏನು ಕಾರಣ ಅನ್ನೋದೇ ನನ್ನ ತಲೆನೋವು.

ನಮ್ಮ ಸೀಮೆಯಲ್ಲಿ ಗಂಟಲು ತಯಾರಾಗುವ ಕಾರ್ಖಾನೆ ಒಂದಿದೆ. ಅದು ಪೌರಾಣಿಕ ನಾಟಕ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ, ಗುಬ್ಬಿ ಕಡೆ ‘ಕುರುಕ್ಷೇತ್ರ’ ಆಡದ ಊರು ಹುಡುಕಿದರೂ ಸಿಗೋದು ಕಷ್ಟ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿತು, ಸೀನರಿ ತರಿಸಿ, ಬೆಳಗಾಗುವವರೆಗೂ ಆಡುತ್ತಾರೆ. ಕೃಷ್ಣನ ಪಾತ್ರಕ್ಕೆ ರೇಟು ಜಾಸ್ತಿ, ದುರ್ಯೋಧನನದ್ದೂ ಕಮ್ಮಿ ಏನಲ್ಲ. ಕಲಿಸುವವರು ಡ್ರಾಮಾ ಮೇಷ್ಟ್ರು. ಕಾಲಲ್ಲಿ ತಿದಿ ಒತ್ತುತ್ತಾ, ಎರಡೂ ಕೈಯಲ್ಲಿ ಹಾರ್ಮೋನಿಯಂ ನುಡಿಸುತ್ತಾ, ಸಾಲು ಹೇಳಿಕೊಡುತ್ತಾರೆ. ಯಾರ ಗಂಟಲು ಯಾವ ಮನೆಯಲ್ಲಿ ಕೂರುತ್ತೆ ಅಂತ ಮೊದಲ ದಿನವೇ ನೋಡಿ “ನಿಂದು ಬಿಳಿ ನಾಲ್ಕು, ನಿಂದು ಕಪ್ಪು ಎರಡು” ಅಂತ ಹಂಚಿಬಿಡುತ್ತಾರೆ. ನೀವು ಗೊಬ್ಬರದಂಗಡಿ ಇಟ್ಟಿರಿ, ಬಸ್ ಓಡಿಸಿ, ತೆಂಗಿನಕಾಯಿ ಸುಲೀರಿ, ಆ ರಾತ್ರಿ ಕಂದಪದ್ಯವನ್ನ ಊರಾಚೆ ಕೇಳೋ ಹಾಗೆ ಎತ್ತಿ ಹಾಡಲೇಬೇಕು.

ಈ ಪದ್ಧತಿಯ ಬೇರು ಕಂಪನಿ ನಾಟಕಗಳಲ್ಲಿದೆ. 1884ರಲ್ಲಿ ನಮ್ಮ ಪಕ್ಕದ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಮುಂದೆ ವೀರಣ್ಣನವರ ಕೈಯಲ್ಲಿ ‘ಗುಬ್ಬಿ ಕಂಪನಿ’ ಅಂತ ದಕ್ಷಿಣ ದೇಶವನ್ನೆಲ್ಲ ಸುತ್ತಿತು. ಮೈಕು ಇಲ್ಲದ ಕಾಲ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತ ನಾಲ್ಕಾಣೆ ಗಿರಾಕಿಗೂ ಪ್ರತಿ ಅಕ್ಷರ ಮುಟ್ಟಬೇಕು. ಅವನಿಗೆ ಕೇಳದಿದ್ದರೆ ಕೂಗಾಡುತ್ತಾನೆ, ನಾಳೆ ಬರೋದಿಲ್ಲ. ಹಾಗಾಗಿ ಶ್ರುತಿ ಮೇಲೇರಿತು, ಸ್ವರ ಚಾಚಿಕೊಂಡಿತು, ಮಹಾಪ್ರಾಣಕ್ಕೆ ನಿಜವಾಗಿಯೂ ಪ್ರಾಣ ಬಂತು. ನಾವು ಇವತ್ತು ‘ರಂಗಗೀತೆ ಶೈಲಿ’ ಅಂತ ಕರೆಯೋದನ್ನ ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಹಿಂದಿನ ಸಾಲಿನವನು ಮಾಡಿಸಿದ್ದು.

ಅದೇ ಗುಬ್ಬಿ ಕಂಪನಿಯಲ್ಲಿ ಪುಟ್ಟಸ್ವಾಮಯ್ಯ ಅನ್ನೋ ನಟ ಇದ್ದರು. ಅವರ ಮಗ ಮುತ್ತುರಾಜ, 1929ರಲ್ಲಿ ಹುಟ್ಟಿದವನು, ಶಾಲೆ ಬಿಟ್ಟು ಅಪ್ಪನ ಹಿಂದೆ ಕಂಪನಿಗಳಲ್ಲಿ ಬೆಳೆದ. 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದ. ವಿಚಿತ್ರ ಏನಂದ್ರೆ, ಹಾಡುವ ನಟ ಅಂತಲೇ ತಯಾರಾದ ಈ ಮನುಷ್ಯ ಸಿನಿಮಾಕ್ಕೆ ಬಂದ ಮೇಲೆ ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಬೇರೆಯವರ ದನಿಗೆ ತುಟಿ ಆಡಿಸಿದ. ನಡುವೆ ‘ಓಹಿಲೇಶ್ವರ’ದಲ್ಲಿ ಒಂದು, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರ ಜೊತೆ ಒಂದು ಹಾಡಿದ್ದು ಬಿಟ್ಟರೆ ಮಿಕ್ಕಿದ್ದೆಲ್ಲ ಬಹುಪಾಲು ಪಿ.ಬಿ. ಶ್ರೀನಿವಾಸ್. ರಾಜ್ ಶರೀರ, ಪಿಬಿಎಸ್ ಶಾರೀರ ಅನ್ನೋ ಮಾತು ಕನ್ನಡದಲ್ಲಿ ಗಾದೆಯೇ ಆಗಿಹೋಗಿದೆ.

ಪಿಬಿಎಸ್ ದನಿ ರಂಗಭೂಮಿಯ ದನಿಗೆ ಪೂರ್ತಿ ಉಲ್ಟಾ. ಅದು ಮೈಕಿನ ಮಗು. ಕಾಕಿನಾಡದಲ್ಲಿ ಹುಟ್ಟಿ ಮದ್ರಾಸಿನ ಸ್ಟುಡಿಯೋಗಳಲ್ಲಿ ಬೆಳೆದ ಆ ದನಿಗೆ ಹಿಂದಿನ ಸಾಲಿನ ಗಿರಾಕಿಯ ಹಂಗಿಲ್ಲ. ಎದುರಿಗಿರೋ ಮೈಕು ನಿಟ್ಟುಸಿರನ್ನೂ ಹಿಡಿಯುತ್ತೆ ಅಂತ ಅದಕ್ಕೆ ಗೊತ್ತು. ಹಾಗಾಗಿ ಒತ್ತುವುದಿಲ್ಲ, ಒರಗುತ್ತೆ. ಮಂದ್ರದಲ್ಲಿ ಇಳಿದಾಗ ಹಾಡುತ್ತಿದ್ದಾರೋ ಯೋಚಿಸುತ್ತಿದ್ದಾರೋ ಅಂತ ಅನುಮಾನ ಬರೋಷ್ಟು ಮೆತ್ತಗೆ. ಕನ್ನಡ ಅವರ ಮನೆಮಾತಲ್ಲ. ಕಲಿತ ಭಾಷೆಯನ್ನ ಕೆಡಿಸಬಾರದು ಅನ್ನೋ ಎಚ್ಚರ ಅವರ ಪ್ರತಿ ಅಕ್ಷರದಲ್ಲೂ ಕೇಳುತ್ತೆ. ಆ ಎಚ್ಚರವೇ ಅವರ ಶೈಲಿ ಅಂತ ನನ್ನ ಲೆಕ್ಕ. ಮನೆಮಾತಿನವರು ನುಂಗಿಬಿಡುವ ಪದಗಳನ್ನ ಅವರು ಬಟ್ಟಲಲ್ಲಿಟ್ಟು ಕೊಡುತ್ತಾರೆ.

1974. ‘ಸಂಪತ್ತಿಗೆ ಸವಾಲ್’. ಪಿಬಿಎಸ್ ಹಾಡಲಾಗದ ಸಂದರ್ಭ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ರಾಜ್ ಕೈಲೇ ಹಾಡಿಸಿದರು. ಎಮ್ಮೆ ಮೇಲೆ ಕೂತು ಹಾಡುವ ಆ ಹಾಡು ಎಲ್ಲರಿಗೂ ಗೊತ್ತು, ಹೆಸರು ಹೇಳೋದೇ ಬೇಡ. ಈಗ ಒಂದು ಕ್ಷಣ ಅವರ ಜಾಗದಲ್ಲಿ ನಿಂತು ನೋಡಿ. ಇಷ್ಟು ವರ್ಷ ಜನ ‘ರಾಜ್‌ಕುಮಾರ್ ಹಾಡುವ ದನಿ’ ಅಂತ ಒಪ್ಪಿಕೊಂಡಿರೋದು ಪಿಬಿಎಸ್ ದನಿಯನ್ನ. ಆ ಮೃದು ದನಿಯನ್ನೇ ಅನುಕರಿಸಿ ಹಾಡಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಕಂಪನಿ ನಾಟಕದ ಗಂಟಲನ್ನ ಹಾಗೇ ಎತ್ತಿ ತಂದು ಮೈಕಿನ ಮುಂದೆ ಇಟ್ಟರು. ಸ್ವಲ್ಪ ಮೂಗು, ಸ್ವಲ್ಪ ಒರಟು, ಮೇಲಿನ ಸ್ಥಾಯಿಯಲ್ಲಿ ಎದೆ ತೆರೆದ ದನಿ.

ಜನ ಹೇಗೆ ಒಪ್ಪಿದರು? ನನಗನ್ನಿಸೋದು ಇಷ್ಟು. ಹಾಡುವ ದನಿ ಹೊಸದಾದರೂ ಮಾತಿನ ದನಿ ಹಳೇದು. ‘ಕಣ್ಣಪ್ಪ’ನಿಂದ ಹಿಡಿದು ಇಪ್ಪತ್ತು ವರ್ಷ ಜನ ಅವರ ಡೈಲಾಗ್ ಕೇಳಿದ್ದರು. ದೀರ್ಘಕ್ಕೆ ಎಷ್ಟು ಹೊತ್ತು ನಿಲ್ಲಬೇಕು, ಒತ್ತಕ್ಷರದ ಮೇಲೆ ಎಷ್ಟು ಭಾರ ಹಾಕಬೇಕು, ವಾಕ್ಯದ ಕೊನೆಯನ್ನ ಹೇಗೆ ನೆಲಕ್ಕೆ ಬೀಳದಂತೆ ಹಿಡಿಯಬೇಕು ಅನ್ನೋ ಅವರ ಮಾತಿನ ಲಯ ಕನ್ನಡದ ಕಿವಿಗೆ ಕೂತುಹೋಗಿತ್ತು. ಹಾಡಿನಲ್ಲಿ ಅವರು ಅದನ್ನೇ ಸ್ವರಕ್ಕೆ ಕೂರಿಸಿದರು. ರಾಜ್ ಹಾಡು ಅಂದ್ರೆ ರಾಜ್ ಮಾತು ಇನ್ನೊಂದು ಅಟ್ಟ ಹತ್ತಿದ ಹಾಗೆ.

ಇದಕ್ಕೆ ಸಾಕ್ಷಿ ಬೇಕಂದ್ರೆ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ ಇಂಗ್ಲಿಷ್ ಹಾಡು ಕೇಳಿ. ಇಂಟರ್ನೆಟ್ ಬಂದ ಮೇಲೆ ಅದನ್ನ ತಮಾಷೆಗೆ ಹಂಚಿಕೊಂಡವರೇ ಹೆಚ್ಚು. ನಮ್ಮ ಆಫೀಸಿನಲ್ಲೂ ಒಬ್ಬ ಅದನ್ನ ಹಾಕಿ ನಕ್ಕಿದ್ದ. ನಾನೂ ನಕ್ಕಿದ್ದೆ, ಸುಳ್ಳು ಯಾಕೆ. ಆಮೇಲೆ ಹೆಡ್‌ಫೋನ್ ಹಾಕಿ ಒಬ್ಬನೇ ಕೇಳಿದೆ. ಆ ಮನುಷ್ಯ ಇಂಗ್ಲಿಷ್‌ನವರ ಥರ ಹಾಡೋಕೆ ಪ್ರಯತ್ನವನ್ನೇ ಮಾಡಿಲ್ಲ. ಇಂಗ್ಲಿಷ್ ಪದಗಳನ್ನ ಕರೆದು, ಕನ್ನಡದ ಅ ಆ ಇ ಈ ಮೇಲೆ ಮರ್ಯಾದೆಯಿಂದ ಕೂರಿಸಿದ್ದಾರೆ. ಕ್ಲೈಂಟ್ ಕಾಲ್‌ಗೆ ಬಂದ ಕೂಡಲೇ ನಾಲಿಗೆ ಮಡಚಿಕೊಳ್ಳುವ ನನ್ನಂಥವನಿಗೆ ಅದನ್ನ ಕೇಳಿ ನಗು ನಿಂತುಹೋಯಿತು.

ಹಾಗಂತ ರಾಜ್ ಹಾಡಿದ್ದೆಲ್ಲ ಅಮೃತ ಅಂತ ನಾನು ಹೇಳಲ್ಲ. ಪ್ರೇಮಗೀತೆಗಳಲ್ಲಿ ಅವರ ದನಿ ಎಷ್ಟೋ ಸಲ ಹುಡುಗಿಯನ್ನ ದಾಟಿ ಹಿಂದಿನ ಸಾಲಿಗೆ ಹೋಗುತ್ತೆ. ಪಕ್ಕದಲ್ಲಿ ಎಸ್. ಜಾನಕಿ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರೆ ಇವರು ಸಭೆಗೆ ಹೇಳುತ್ತಿರುತ್ತಾರೆ. ಅಂಥ ಕಡೆ ಪಿಬಿಎಸ್ ನೆನಪಾಗಿಬಿಡುತ್ತಾರೆ. ಆದರೆ ಭಕ್ತಿ, ಅಳಲು, ಸವಾಲು ಬಂದಾಗ ಮಾತ್ರ ಪಿಬಿಎಸ್‌ಗೆ ಎಟುಕದ ಎತ್ತರ ಇವರದು. 1992ರ ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಅಂತ ರಾಷ್ಟ್ರಪ್ರಶಸ್ತಿ ಬಂತು. ಆಗ ಅವರಿಗೆ ಅರವತ್ತು ದಾಟಿತ್ತು. ನಟನೆಗೆ ಒಂದು ಸಲವೂ ಕೊಡದ ರಾಷ್ಟ್ರಪ್ರಶಸ್ತಿಯನ್ನ ಹಾಡಿಗೆ ಕೊಟ್ಟರು ಅನ್ನೋದು ಬೇರೆ ಕಥೆ.

ಎಸ್ಪಿಬಿ ಬಗ್ಗೆ ಎರಡೇ ಮಾತು. ವಿಷ್ಣುವರ್ಧನ್‌ಗೆ ಒಂದು ಥರ, ಶಂಕರ್‌ನಾಗ್‌ಗೆ ಇನ್ನೊಂದು ಥರ ಹಾಡುತ್ತಿದ್ದ ಅವರಿಗೆ ಬದಲಾಗುವುದೇ ಕಸುಬು. ಆದರೂ ನಾಲ್ಕು ಅಕ್ಷರ ಕೇಳಿದರೆ ಅವರೇ ಅಂತ ಗೊತ್ತಾಗುತ್ತೆ. ನಮ್ಮಣ್ಣನೂ ದನಿ ಬದಲಾಯಿಸುತ್ತಿದ್ದ. ಎಸ್ಪಿಬಿ ಪರದೆ ಮೇಲಿನ ನಟನನ್ನ ನೋಡಿ ಬದಲಾಯಿಸಿದರು, ನಮ್ಮಣ್ಣ ಕ್ಯಾಸೆಟ್ಟು ಕೇಳಿ ಬದಲಾಯಿಸಿದ. ಎಸ್ಪಿಬಿಗೆ ಎದುರಿಗೆ ಒಬ್ಬ ಮನುಷ್ಯ ಇದ್ದ.

ಈಗ ಅಶ್ವಥ್. ನನ್ನ ತಲೆಮಾರಿನವರಿಗೆ ಭಾವಗೀತೆ ಅಂದ್ರೆ ಮೊದಲು ಕೇಳೋದು ಈ ದನಿಯೇ. 1939ರಲ್ಲಿ ಹುಟ್ಟಿ, 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೇ ಹುಟ್ಟುಹಬ್ಬದ ದಿನವೇ ಹೋದವರು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ 20ಕ್ಕೂ ಹೆಚ್ಚು ವರ್ಷ ನೌಕರಿ ಮಾಡಿಕೊಂಡೇ ಹಾಡಿದವರು. ಶಿಫ್ಟು ಮುಗಿಸಿ ನಾಟಕದ ತಾಲೀಮಿಗೆ ಓಡುತ್ತಿದ್ದ ಮನುಷ್ಯ ಅನ್ನೋದು ನನಗೆ ತುಂಬಾ ಮುಖ್ಯ ಅನ್ನಿಸುತ್ತೆ. ಹಿಂದೂಸ್ತಾನಿ ಕಲಿತಿದ್ದರು ನಿಜ. ಆದರೆ ಅವರ ಶೈಲಿಯನ್ನ ಮಾಡಿದ್ದು ನಾಟಕ. ಹವ್ಯಾಸಿ ನಾಟಕದಲ್ಲಿ ಹಾಡು ಕಥೆಯನ್ನ ಮುಂದಕ್ಕೆ ತಳ್ಳಬೇಕು. ಇಂಪಾಗಿದ್ದು ಕೈಕಟ್ಟಿ ಕೂತರೆ ನಿರ್ದೇಶಕ ಅದನ್ನ ಕಿತ್ತು ಹಾಕುತ್ತಾನೆ.

ಅಶ್ವಥ್ ಹಾಡುವಾಗ ಪದವನ್ನ ಒಡೆಯುತ್ತಾರೆ, ಎಳೆಯುತ್ತಾರೆ, ಮತ್ತೆ ಮತ್ತೆ ಕೂಗಿ ಕರೆಯುತ್ತಾರೆ. ಒಂದೇ ಪದವನ್ನ ಮೂರು ಸಲ ಹೇಳಿದರೆ ಮೂರು ಸಲವೂ ಅದರ ಅರ್ಥ ಬೇರೆ. ಮೊದಲನೇದು ಹೇಳಿಕೆ, ಎರಡನೇದು ಅನುಮಾನ, ಮೂರನೇದು ಜಗಳ. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿ ತೆರೆ ಮೇಲೆ ಶ್ರೀಧರ್ ಇದ್ದಾರೆ, ಆದರೆ ಷರೀಫ ಅನ್ನೋ ಮನುಷ್ಯ ನಮಗೆ ಸಿಗೋದು ಅಶ್ವಥ್ ಗಂಟಲಿನಲ್ಲಿ. ಏಕತಾರಿ, ದಮ್ಮಡಿ ಹಿಡಿದು ಭಜನೆಯಲ್ಲಿ ಸಮನಾಗಿ ಹರಿಯುತ್ತಿದ್ದ ತತ್ವಪದವನ್ನ ಅವರು ವಾದವಾಗಿಸಿದರು. ಭಜನೆಯವರಿಗೆ ಇದು ಇಷ್ಟವಾಗದೇ ಇರಬಹುದು. ನಮ್ಮೂರ ಭಜನೆ ತಾತ ಒಬ್ಬರು “ಅವರು ಷರೀಫಜ್ಜನ್ನ ಬಯ್ದಂಗೆ ಹಾಡ್ತಾರೆ ಕಣಪ್ಪ” ಅನ್ನುತ್ತಿದ್ದರು. ಅಜ್ಜನನ್ನ ಬಯ್ಯೋವಷ್ಟು ಸಲಿಗೆ ಇರೋನು ಹಾಗೆ ಹಾಡಿದ ಅಂತ ನನಗೆ ಅನ್ನಿಸಿತ್ತು, ಆದರೆ ತಾತನಿಗೆ ಎದುರು ಹೇಳಲಿಲ್ಲ.

ಶಿವಮೊಗ್ಗ ಸುಬ್ಬಣ್ಣ ಅವರನ್ನ ಪಕ್ಕದಲ್ಲಿಟ್ಟು ಕೇಳಿದರೆ ವಿಷಯ ಇನ್ನೂ ಬಿಡಿಸಿಕೊಳ್ಳುತ್ತೆ. ಅವರು ವಕೀಲರು. ಕಂಬಾರರ ‘ಕಾಡು ಕುದುರೆ’ಗೆ ಹಾಡಿ ಕನ್ನಡಕ್ಕೆ ಹಿನ್ನೆಲೆ ಗಾಯನದ ಮೊದಲ ರಾಷ್ಟ್ರಪ್ರಶಸ್ತಿ ತಂದರು. ಆ ಹಾಡಿನ ದನಿ ಬಯಲಿನದು, ತಡೆಯಿಲ್ಲದ್ದು. ಆದರೆ ಭಾವಗೀತೆಗೆ ಕೂತಾಗ ಅವರು ಪದಕ್ಕೆ ಒಂದು ಅಂತರ ಕೊಟ್ಟು, ಕವಿತೆಯನ್ನ ಎದುರಿಗೆ ನಿಲ್ಲಿಸಿ, ನೋಡಿ ಅಂತಾರೆ. ಅಶ್ವಥ್ ಕವಿತೆಯ ಒಳಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಇಬ್ಬರೂ ಒಂದೇ ಕಾಲದವರು, ಒಂದೇ ಕವಿಗಳನ್ನ ಹಾಡಿದವರು. ಕವಿತೆಯ ಜೊತೆ ಇಬ್ಬರ ಸಂಬಂಧ ಬೇರೆ, ಅದಕ್ಕೇ ದನಿ ಬೇರೆ.

ಮೈಸೂರು ಅನಂತಸ್ವಾಮಿ ಮೂರನೆಯವರು. ಅವರ ಗುಣ ನನಗೆ ಅರ್ಥವಾಗಿದ್ದು ನಾಡಗೀತೆ ಜಗಳ ನಡೆದಾಗ. ಕುವೆಂಪು ಬರೆದ ನಾಡಗೀತೆಯನ್ನ ಯಾರ ಧಾಟಿಯಲ್ಲಿ ಹಾಡಬೇಕು, ಅನಂತಸ್ವಾಮಿಯವರದ್ದೋ ಅಶ್ವಥ್ ಅವರದ್ದೋ ಅಂತ ವರ್ಷಗಟ್ಟಲೆ ಚರ್ಚೆಯಾಗಿ, 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಆದೇಶ ಹೊರಡಿಸಿತು. ಕೇಸು ಕೋರ್ಟಿನವರೆಗೂ ಹೋಯಿತು. ನಾನು ಅಶ್ವಥ್ ಅಭಿಮಾನಿ. ಆದರೂ ಈ ವಿಷಯದಲ್ಲಿ ಸರ್ಕಾರ ಸರಿ ಅಂತಲೇ ನನ್ನ ಮತ. ಅನಂತಸ್ವಾಮಿಯವರ ಧಾಟಿಯನ್ನ ಮೂರನೇ ಕ್ಲಾಸಿನ ಮಗು ಬಿಸಿಲಲ್ಲಿ ನಿಂತು ಹಾಡಬಹುದು. ಅವರು ರಾಗ ಹಾಕುವಾಗಲೇ ಇದನ್ನ ಬೇರೆಯವರೂ ಹಾಡುತ್ತಾರೆ ಅಂತ ಲೆಕ್ಕ ಹಾಕಿದ ಹಾಗಿರುತ್ತೆ. ಅಶ್ವಥ್ ರಾಗ ಅಶ್ವಥ್ ಗಂಟಲನ್ನೇ ಬೇಡುತ್ತೆ. ಬೇರೆಯವರು ಹಾಡಿದರೆ ಅಪ್ಪನ ಕೋಟು ಹಾಕಿಕೊಂಡ ಹುಡುಗನ ಥರ ಕಾಣುತ್ತಾರೆ.

ಇದು ಅಶ್ವಥ್ ದೊಡ್ಡತನ ಹೌದು, ಅವರ ಬಲೆಯೂ ಹೌದು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಮಾಡಿದಾಗ ಭಾವಗೀತೆಗೂ ಇಷ್ಟು ಜನ ಸೇರುತ್ತಾರಾ ಅಂತ ನಾಡೇ ಬೆರಗಾಯಿತು. ಆ ಹೊತ್ತಿಗೆ ಅವರ ಒತ್ತು, ಅವರ ಕೂಗು, ಅವರ ಮುರಿತ ಎಲ್ಲವೂ ಜನಕ್ಕೆ ಮೊದಲೇ ಗೊತ್ತಿತ್ತು. ಎಲ್ಲಿ ಕೂಗುತ್ತಾರೆ ಅಂತ ಕಾದು ಚಪ್ಪಾಳೆ ಹೊಡೆಯುತ್ತಿದ್ದರು. ಕೊನೆಗಾಲದ ಕೆಲವು ಹಾಡುಗಳಲ್ಲಿ ಕವಿತೆ ಮೆತ್ತಗೆ ಹೇಳು ಅಂತಿದ್ದರೂ ಅವರು ಜೋರಾಗಿ ಹೇಳುತ್ತಾರೆ, ಯಾಕಂದ್ರೆ ಅಶ್ವಥ್ ಅಂದ್ರೆ ಜೋರು ಅಂತಾಗಿತ್ತು. 1992ರ ‘ಮೈಸೂರು ಮಲ್ಲಿಗೆ’ ಚಿತ್ರದಲ್ಲಿ ಕೆ.ಎಸ್.ನ. ಅವರ ಕವಿತೆಗಳಿಗೆ ಅವರು ಹಾಕಿದ ಸಂಗೀತ ಕೇಳಿ, ಎಷ್ಟು ತಗ್ಗಿ ನಡೆದಿದ್ದಾರೆ. ಆ ತಗ್ಗುವಿಕೆಯೂ ಅವರದ್ದೇ ಆಗಿತ್ತು. ಚಪ್ಪಾಳೆ ಅದಕ್ಕೆ ಬೀಳಲಿಲ್ಲ. ತಮ್ಮದೇ ದನಿಯನ್ನ ತಾವೇ ಅನುಕರಿಸೋದು ಶುರುವಾದರೆ ನಮ್ಮಣ್ಣನಿಗೂ ಅವರಿಗೂ ಏನು ವ್ಯತ್ಯಾಸ ಅಂತ ಒಂದೊಂದು ಸಲ ಭಯ ಆಗುತ್ತೆ.

ಇಷ್ಟು ಹೊತ್ತೂ ಗಂಡಸರ ಬಗ್ಗೆಯೇ ಬರೆದೆ ಅಂತ ನನಗೂ ಗೊತ್ತು. ಅದಕ್ಕೆ ಕಾರಣ ನನ್ನ ಮರೆವು ಮಾತ್ರ ಅಲ್ಲ. ಮೂಗಿನ ದನಿ, ಒರಟು ದನಿ, ಒಡಕು ದನಿ ಎಲ್ಲವೂ ಗಂಡಸಿಗೆ ‘ಶೈಲಿ’ ಆಯಿತು. ಹೆಂಗಸಿಗೆ ಮಾತ್ರ ಸಿನಿಮಾದಲ್ಲೂ ಸುಗಮ ಸಂಗೀತದಲ್ಲೂ ಒಂದೇ ಅಳತೆ. ತೆಳ್ಳಗೆ, ಮೇಲೆ, ಜೇನಿನ ಹಾಗೆ. ಲತಾ ಮಂಗೇಶ್ಕರ್ ಹಾಕಿದ ಅಳತೆ ಅದು. ಆ ಅಳತೆಯೊಳಗೇ ಎಸ್. ಜಾನಕಿ ಮಗುವಾಗಿ, ಮುದುಕಿಯಾಗಿ ಹಾಡಿ ತೋರಿಸಿದ್ದು ಅವರ ಪ್ರತಿಭೆ. ಅಳತೆಯ ಹೊರಗೆ ನಿಂತ ದನಿ ಬೇಕಂದ್ರೆ ಮತ್ತೆ ಗುಬ್ಬಿಗೇ ಬರಬೇಕು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ. ಮಣ್ಣಿನ ಮಡಕೆ ಬಡಿದ ಹಾಗೆ ದಪ್ಪ, ತುಂಬು ದನಿ. ರಂಗದ ಮೇಲೆ ನಿಂತು ಎತ್ತಿದರೆ ಮೈಕು ಬೇಡ. ಸಿನಿಮಾ ಆ ಗಂಟಲನ್ನ ಬೇರೆ ನಟಿಯರಿಗೆ ಮಾತು ಡಬ್ ಮಾಡಲು ಚೆನ್ನಾಗಿ ಬಳಸಿಕೊಂಡಿತು. ನಾಯಕಿಯ ಹಾಡಿಗೆ ಕರೆಯಲು ಮಾತ್ರ ಧೈರ್ಯ ಮಾಡಲಿಲ್ಲ. ಮಾತಿಗೆ ಸರಿಹೋದ ದನಿ ಹಾಡಿಗೆ ಯಾಕೆ ಸರಿಹೋಗಲಿಲ್ಲ? ರಾಜ್‌ಕುಮಾರ್‌ಗೆ ಸಿಕ್ಕ 1974 ಅವರಿಗೆ ಸಿಗಲಿಲ್ಲ, ಅಷ್ಟೇ.

ಇನ್ನು ನನ್ನ ಕಸುಬಿನ ವಿಷಯ. ಒಂದು ವೀಕೆಂಡು ಹುಚ್ಚು ಹಿಡಿದು ಪಿಬಿಎಸ್, ರಾಜ್, ಅಶ್ವಥ್ ಮೂವರ ಹಾಡನ್ನೂ ಲ್ಯಾಪ್‌ಟಾಪಿಗೆ ಹಾಕಿ ಸ್ಪೆಕ್ಟ್ರೋಗ್ರಾಮ್ ತೆಗೆದು ಕೂತಿದ್ದೆ. ಬಣ್ಣಬಣ್ಣದ ಗೆರೆ ಬಂತು. ಗಂಡಸಿನ ಧ್ವನಿತಂತು ಮಾತಾಡುವಾಗ ಸೆಕೆಂಡಿಗೆ ನೂರಕ್ಕೂ ಮೇಲೆ ಸಲ ಅದುರುತ್ತೆ, ಅದರ ಮೇಲೆ ಬಾಯಿ, ಮೂಗು, ಗಂಟಲಿನ ಪೊಟರೆ ಸೇರಿ ದನಿಗೆ ಬಣ್ಣ ಕಟ್ಟುತ್ತೆ ಅನ್ನೋದೆಲ್ಲ ಕಂಡಿತು. ರಾತ್ರಿ ಎರಡು ಗಂಟೆಗೆ ಹೆಂಡತಿ ಬಂದು “ಏನ್ ಸಿಕ್ತು?” ಅಂದ್ಲು. ಹೇಳೋಕೆ ಏನೂ ಇರಲಿಲ್ಲ. ಒಂದು ಮಾತ್ರ ಗಮನಿಸಿದೆ. ಈ ಹಳಬರು ಯಾರೂ ಸ್ವರದ ಮೇಲೆ ನೇರ ಬಂದು ಕೂರಲ್ಲ. ಕೆಳಗಿಂದ ಜಾರಿ ಹತ್ತುತ್ತಾರೆ, ಇಲ್ಲಾ ಸ್ವಲ್ಪ ಮೀರಿ ಹಿಂದೆ ಬರುತ್ತಾರೆ. ಗೆರೆ ನೆಟ್ಟಗಿಲ್ಲ, ತೋಟದ ಕಾಲುದಾರಿ ಇದ್ದ ಹಾಗಿದೆ.

1997ರಲ್ಲಿ ಆಟೋಟ್ಯೂನ್ ಅನ್ನೋ ಸಾಫ್ಟ್‌ವೇರ್ ಬಂತು. ಮಾರನೇ ವರ್ಷ ಶೆರ್ ಅನ್ನೋ ಅಮೆರಿಕದ ಗಾಯಕಿ ಅದನ್ನ ಬೇಕಂತಲೇ ಎದ್ದು ಕಾಣೋ ಹಾಗೆ ಬಳಸಿ ಪ್ರಪಂಚಕ್ಕೆಲ್ಲ ಪರಿಚಯ ಮಾಡಿಕೊಟ್ಟಳು. ಅದು ಮಾಡೋ ಕೆಲಸ ಸರಳ. ಹಾಡುಗಾರನ ಸ್ವರ ಎಲ್ಲಿದೆ ಅಂತ ಅಳೆದು, ಹತ್ತಿರದ ‘ಸರಿಯಾದ’ ಮನೆಗೆ ಎಳೆದು ಕೂರಿಸುತ್ತೆ. ನಾವು ಕೋಡಿನಲ್ಲಿ ದಶಾಂಶ ಕತ್ತರಿಸಿ ರೌಂಡ್ ಆಫ್ ಮಾಡ್ತೀವಲ್ಲ, ಹಾಗೇ. ಲೆಕ್ಕಕ್ಕೆ ಸರಿ. ಆದರೆ ರಾಜ್‌ಕುಮಾರ್ ಇದ್ದದ್ದೇ ಆ ದಶಾಂಶದಲ್ಲಿ.

ಟಿವಿ ರಿಯಾಲಿಟಿ ಶೋಗಳು ಇದರ ಇನ್ನೊಂದು ಮುಖ. ಮಕ್ಕಳು ಎಷ್ಟು ಚೆನ್ನಾಗಿ ಹಾಡುತ್ತಾರೆ! ಹತ್ತು ವರ್ಷದ ಹುಡುಗ ಮೂಲ ಹಾಡಿನ ಒಂದೊಂದು ಗಮಕವನ್ನೂ ಬಿಡದೆ ಒಪ್ಪಿಸುತ್ತಾನೆ. ಜಡ್ಜ್‌ಗಳು ಎದ್ದು ನಿಂತು “ಒರಿಜಿನಲ್ ಥರಾನೇ ಇತ್ತು” ಅಂತಾರೆ. ಅದು ಹೊಗಳಿಕೆ. ಆ ಮಾತು ಕೇಳಿದಾಗಲೆಲ್ಲ ನನಗೆ ಪಂಪ್‌ಹೌಸ್ ನೆನಪಾಗುತ್ತೆ. 2006ರ ‘ಮುಂಗಾರು ಮಳೆ’ ಆದಮೇಲೆ ಸೋನು ನಿಗಮ್ ದನಿ ಕನ್ನಡದ ಪ್ರೇಮದ ಸರ್ಕಾರಿ ದನಿಯೇ ಆಗಿಹೋಯಿತು. ಅವರ ಹಾಡು ನನಗೂ ಇಷ್ಟ, ಕಾಲೇಜಿನಲ್ಲಿ ನಾನೂ ಅದನ್ನೇ ಹಾಡಿಕೊಂಡು ತಿರುಗಿದವನು. ತೊಂದರೆ ಅವರದ್ದಲ್ಲ. ಆಮೇಲೆ ಬಂದ ಎಷ್ಟೋ ಕನ್ನಡದ ಹುಡುಗರು ಅವರು ಕನ್ನಡವನ್ನ ಹೊರಗಿನವರಾಗಿ ಎಚ್ಚರದಿಂದ ಉಚ್ಚರಿಸಿದ ರೀತಿಯನ್ನೇ ಫ್ಯಾಷನ್ ಅಂತ ಕಲಿತುಕೊಂಡರು. ಅಜ್ಜಿ ಜೊತೆ ಕನ್ನಡ ಮಾತಾಡಿ ಬೆಳೆದ ಹುಡುಗ ಮೈಕಿನ ಮುಂದೆ ಬಂದರೆ ಮುಂಬೈಯಿಂದ ಬಂದವನ ಥರ ಹಾಡುತ್ತಾನೆ.

ಇದರ ನಡುವೆ ರಘು ದೀಕ್ಷಿತ್ ಥರದವರು ಇದ್ದಾರೆ ಅನ್ನೋದು ಸಮಾಧಾನ. ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಆಮೇಲೆ ಗಿಟಾರ್ ಹಿಡಿದವರು. 2008ರಲ್ಲಿ ಅವರ ಮೊದಲ ಆಲ್ಬಂ ಬಂದಾಗ ನಮ್ಮ ಹಾಸ್ಟೆಲ್ಲಿನಲ್ಲಿ ಅದೇ ಗಲಾಟೆ. ಷರೀಫರ ಪದವನ್ನ ಅವರೂ ಹಾಡಿದ್ದಾರೆ. ಅಶ್ವಥ್ ಅಷ್ಟು ಗಟ್ಟಿಯಾಗಿ ಗುರುತು ಹಾಕಿ ಹೋದ ಹೊಲದಲ್ಲಿ ಇನ್ನೊಬ್ಬ ಉಳೋದು ಸುಲಭ ಅಲ್ಲ. ಅವರ ದನಿಯಲ್ಲಿ ವಾದ ಇಲ್ಲ, ಕುಣಿತ ಇದೆ. ಅಕ್ಷರ ಕಾಲಿನ ತಾಳಕ್ಕೆ ಬೀಳುತ್ತೆ. ಎಷ್ಟೋ ಕಡೆ ಅರ್ಥ ಜಾರಿಹೋಗುತ್ತೆ ಅನ್ನೋದು ನನ್ನ ತಕರಾರು. ಆದರೆ ಆ ದನಿ ಯಾರದ್ದು ಅಂತ ಮಾತ್ರ ಕೇಳಬೇಕಾಗಿಲ್ಲ.

ಹೋದ ವರ್ಷ ನಮ್ಮ ದೊಡ್ಡಪ್ಪ ತೀರಿಹೋದರು. ನಾನು ಬೆಂಗಳೂರಿಂದ ಹೊರಟು ಊರು ಸೇರೋವಾಗ ರಾತ್ರಿ ಹನ್ನೊಂದಾಗಿತ್ತು. ಅಂಗಳದಲ್ಲಿ ಶಾಮಿಯಾನ ಹಾಕಿ ಭಜನೆ ಕೂರಿಸಿದ್ದರು. ಅಣ್ಣ ಆರ್ಕೆಸ್ಟ್ರಾ ಬಿಟ್ಟು ತುಂಬಾ ವರ್ಷವಾಗಿದೆ. ಈಗ ತೋಟ, ಕೊಬ್ಬರಿ ವ್ಯಾಪಾರ. ತಿಪಟೂರಿನ ಮಾರ್ಕೆಟ್ಟಿನಲ್ಲಿ ರೇಟು ಏರಿತಾ ಇಳಿತಾ ಅಂತ ಫೋನಿನಲ್ಲೇ ಇರುತ್ತಾನೆ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯನ್ನ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುವುದರಲ್ಲಿ ಅವನ ಕಿವಿ ಊರಿಗೇ ಫೇಮಸ್ಸು. ಹಾಡೋದು ನಾನಂತೂ ಕೇಳಿರಲಿಲ್ಲ.

ಬೆಳಗಿನ ಜಾವ ಭಜನೆಯವರು ಟೀ ಕುಡಿಯೋಕೆ ಎದ್ದರು. ತಾಳ, ದಮ್ಮಡಿ ನೆಲದ ಮೇಲಿದ್ದವು. ಅಣ್ಣ ಅಪ್ಪನ ತಲೆ ಹತ್ತಿರ ಗೋಡೆಗೆ ಒರಗಿ ಕೂತಿದ್ದವನು ಇದ್ದಕ್ಕಿದ್ದ ಹಾಗೆ ಒಂದು ತತ್ವಪದ ಶುರು ಮಾಡಿದ. ಶ್ರುತಿ ಕೊಡೋರು ಯಾರೂ ಇರಲಿಲ್ಲ. ತುಂಬಾ ಕೆಳಗಿಂದ, ಒಡೆದ ದನಿ. ಒಂದು ಕಡೆ ಸ್ವರ ತಪ್ಪಿತು, ಇನ್ನೊಂದು ಕಡೆ ಪದವೇ ಮರೆತು ‘ಊಂ’ ಅಂತ ಎಳೆದ. ನಾನು ಅಭ್ಯಾಸಬಲದಿಂದ ರಾಜ್ ಎಲ್ಲಿ ಬರುತ್ತಾರೆ, ಅಶ್ವಥ್ ಎಲ್ಲಿ ಬರುತ್ತಾರೆ ಅಂತ ಕಾದೆ. ಯಾರೂ ಬರಲಿಲ್ಲ. ಟೀ ಲೋಟ ಹಿಡಿದವರು ಲೋಟ ಕೆಳಗಿಟ್ಟರು.

ಕಾರ್ಯ ಎಲ್ಲ ಮುಗಿದ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಡೋಕೆ ಬಂದ. ತಡೆಯಲಾಗದೆ ಕೇಳಿಯೇಬಿಟ್ಟೆ.

“ಅಣ್ಣ, ಅವತ್ತು ಬೆಳಗಿನ ಜಾವ ಹಾಡಿದ್ಯಲ್ಲ, ಅದು ಯಾರ ದನಿ?”

ಗಾಡಿ ಸ್ಟ್ಯಾಂಡ್ ಹಾಕುತ್ತಾ ನನ್ನ ಮುಖ ನೋಡಿದ.

“ಎರಡು ದಿನದಿಂದ ನೆಗಡಿ ಕಣ್ಲಾ, ಗಂಟ್ಲು ಕಟ್ಟಿತ್ತು. ಯಾರ್ದೂ ಬರ್ಲಿಲ್ಲ.”